ಆಪ್ಷನ್ ಕ್ಲಾಸಿನಲ್ಲಿ ಬೆಲೆ ಕಟ್ಟುವ ಲೆಕ್ಕ ಯಾಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರಿನ ಹಂಪನಕಟ್ಟೆಯಿಂದ ಹಿಡಿದು ಉಡುಪಿ, ಮಣಿಪಾಲದವರೆಗೆ ‘ಆಪ್ಷನ್ ಟ್ರೇಡಿಂಗ್ ಕಲಿಯಿರಿ’ ಎಂಬ ಜಾಹೀರಾತುಗಳಿಗೆ ಈಗ ಬರವಿಲ್ಲ. ಶನಿವಾರ–ಭಾನುವಾರದ ಈ ತರಗತಿಗಳಲ್ಲಿ ಕ್ಯಾಂಡಲ್ ಗುರುತಿಸುವುದು, ಚಾರ್ಟಿನ ಮೇಲೆ ಗೆರೆ ಎಳೆಯುವುದು, ಸ್ಟ್ರಾಡಲ್, ಐರನ್ ಕಾಂಡೊರ್ ಎಂಬ ಹೆಸರುಗಳು ಎಲ್ಲ ಬರುತ್ತವೆ. ಒಂದು ಕಾಲ್ ಆಪ್ಷನ್‌ನ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕಿನ) ಪ್ರೀಮಿಯಂ, ಅಂದರೆ ಬೆಲೆ, 413 ರೂಪಾಯಿ ಎಂದಿದ್ದರೆ ಅದು 413 ಯಾಕೆ, 300 ಯಾಕಲ್ಲ ಎಂದು ಕೇಳಿದರೆ ಮಾತ್ರ ‘ಡಿಮ್ಯಾಂಡು, ಸಪ್ಲೈ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ವಸ್ತುವಿನ ಬೆಲೆ ಹೇಗೆ ಬಂತೆಂದು ಗೊತ್ತಿಲ್ಲದೆ ಅದನ್ನು ಕೊಳ್ಳುವ, ಅದಕ್ಕಿಂತ ಹೆಚ್ಚಾಗಿ ಮಾರುವ, ಧೈರ್ಯ ದೊಡ್ಡದು.

ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ (ಮುಂದಿನ ದಿನದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್‌ನಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. 2024-25ರಲ್ಲೂ ಶೇ. 91 ಮಂದಿಗೆ ನಷ್ಟವೇ. ಗಣಿತ ಕಲಿತ ಮಾತ್ರಕ್ಕೆ ಇವರೆಲ್ಲ ಲಾಭ ಮಾಡುತ್ತಿದ್ದರು ಎಂದು ನಾವು ಹೇಳುವುದಿಲ್ಲ; ಹಾಗೆ ಹೇಳಿದರೆ ಅದೂ ಇನ್ನೊಂದು ಜಾಹೀರಾತೇ ಆದೀತು. ನಮ್ಮ ಮಾತು ಇಷ್ಟೇ: ಬೆಲೆ ಕಟ್ಟುವ ಲೆಕ್ಕದ ತಿರುಳು ಹತ್ತನೇ ತರಗತಿಯ ಎರಡು ಸಮೀಕರಣಗಳಲ್ಲಿದೆ. ಅದನ್ನು ಬಿಟ್ಟು ಸೀದಾ ಬ್ಲ್ಯಾಕ್–ಶೋಲ್ಸ್ ಸೂತ್ರಕ್ಕೋ ಮೊಬೈಲ್ ಆ್ಯಪ್‌ನ ಡೆಲ್ಟಾ–ಥೀಟಾಗಳಿಗೋ (ಷೇರಿನ ಬೆಲೆ, ಸಮಯ ಬದಲಾದಂತೆ ಪ್ರೀಮಿಯಂ ಎಷ್ಟು ಬದಲಾಗುತ್ತದೆ ಎಂಬ ಅಂಕಿಗಳು) ಹೋಗುವುದರಿಂದಲೇ ವಿದ್ಯಾರ್ಥಿಗಳು ಎಡವುತ್ತಾರೆ.

ಒಂದು ಷೇರಿನ ಬೆಲೆ ಇಂದು 200 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳ ಕೊನೆಗೆ ಅದು 220 ಆಗಬಹುದು ಅಥವಾ 190 ಆಗಬಹುದು, ಬೇರೆ ದಾರಿಯಿಲ್ಲ. 205 ರೂಪಾಯಿ ಸ್ಟ್ರೈಕ್‌ನ (ಹಕ್ಕಿನ ನಿಗದಿತ ಬೆಲೆಯ) ಕಾಲ್ ಆಪ್ಷನ್ ಏರಿದರೆ 15 ರೂಪಾಯಿ ಕೊಡುತ್ತದೆ, ಇಳಿದರೆ ಏನೂ ಇಲ್ಲ. ಈಗ ಆಪ್ಷನ್ ಮುಟ್ಟದೆ, ಬರೀ ಷೇರು ಮತ್ತು ಸಾಲದಿಂದ ಇದೇ 15 ಮತ್ತು 0ಯನ್ನು ಹುಟ್ಟಿಸಬೇಕು. ಎಷ್ಟು ಷೇರು, ಎಷ್ಟು ಸಾಲ ಎಂಬ ಎರಡು ಅವ್ಯಕ್ತಗಳು. ಏರಿದಾಗ ಒಂದು, ಇಳಿದಾಗ ಒಂದು ಎಂದು ಎರಡು ಸಮೀಕರಣಗಳು. ಒಂದರಿಂದ ಇನ್ನೊಂದನ್ನು ಕಳೆದರೆ 30 ರೂಪಾಯಿಯ ವ್ಯತ್ಯಾಸಕ್ಕೆ 15 ರೂಪಾಯಿ, ಅಂದರೆ ಅರ್ಧ ಷೇರು ಬೇಕು. ಬೆಲೆ 190ಕ್ಕೆ ಇಳಿದರೆ ಅರ್ಧ ಷೇರು 95 ರೂಪಾಯಿ. ಆಗ ಕೈಯಲ್ಲಿ ಏನೂ ಉಳಿಯಬಾರದು, ಹಾಗಾಗಿ ತಿಂಗಳ ಕೊನೆಗೆ 95 ರೂಪಾಯಿ ತೀರಿಸುವಷ್ಟು ಸಾಲ. ತಿಂಗಳಿಗೆ ಅರ್ಧ ಶೇಕಡಾ ಬಡ್ಡಿಯಾದರೆ ಇಂದು ಸಿಗುವ ಸಾಲ 94.53. ಅರ್ಧ ಷೇರಿನ ಬೆಲೆ 100. ಕೈಯಿಂದ ಹಾಕಬೇಕಾದ್ದು 5.47. ಆಪ್ಷನ್‌ನ ಬೆಲೆ ಅದೇ.

ಇಲ್ಲಿ ನಿಂತು ಒಮ್ಮೆ ಹಿಂದೆ ನೋಡಬೇಕು. ಷೇರು ಏರುವ ಸಂಭವನೀಯತೆ ಎಷ್ಟು ಎಂದು ನಾವು ಎಲ್ಲೂ ಕೇಳಲಿಲ್ಲ. ನೂರಕ್ಕೆ ತೊಂಬತ್ತು ಪಾಲು ಏರುತ್ತದೆ ಎಂದು ಬಲವಾಗಿ ನಂಬಿದವನು 15ರ ತೊಂಬತ್ತು ಶೇಕಡಾ, ಅಂದರೆ 13.50ರವರೆಗೂ ಕೊಡಬಹುದೆಂದು ಹೊರಡುತ್ತಾನೆ. ಅವನು 8 ರೂಪಾಯಿ ಕೊಟ್ಟರೂ ಸಾಕು. ಮಾರಿದವನು ಅದರಲ್ಲಿ 5.47ನ್ನು ಮೇಲಿನಂತೆ ಷೇರು–ಸಾಲಕ್ಕೆ ಹಾಕಿ, ಉಳಿದ 2.53ನ್ನು ಜೇಬಿಗಿಳಿಸುತ್ತಾನೆ. ಷೇರು ಏರಲಿ, ಇಳಿಯಲಿ, ಅವನಿಗೆ ಚಿಂತೆಯಿಲ್ಲ. ‘ಮಾರ್ಕೆಟ್ ಏರುತ್ತದೆ, ಹಾಗಾಗಿ ಕಾಲ್ ಕೊಳ್ಳಿ’ ಎಂಬ ವಾಕ್ಯದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಈ ಒಂದು ಪುಟದ ಲೆಕ್ಕದಲ್ಲಿ ಕಾಣುತ್ತದೆ. ದಿಕ್ಕು ಗೊತ್ತಿದ್ದರೆ ಸಾಲದು, ಕೊಟ್ಟ ಬೆಲೆಯೂ ಸರಿಯಿರಬೇಕು.

ಇದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲೂ ಬರೆಯಬಹುದು. 200ಕ್ಕೆ ಅರ್ಧ ಶೇಕಡಾ ಬಡ್ಡಿ ಸೇರಿಸಿದರೆ 201. ಅದರಿಂದ 190 ಕಳೆದು 30ರಿಂದ ಭಾಗಿಸಿದರೆ 0.367. ಇದನ್ನು ಸಂಭವನೀಯತೆಯೆಂದು ಬಗೆದು 15ರಿಂದ ಗುಣಿಸಿ, ಬಡ್ಡಿ ಕಳೆದರೆ ಮತ್ತೆ 5.47. ಪುಸ್ತಕಗಳು ‘ರಿಸ್ಕ್ ನ್ಯೂಟ್ರಲ್ ಸಂಭವನೀಯತೆ’ ಎನ್ನುವುದು ಇದನ್ನೇ. ಇದು ಯಾರ ಭವಿಷ್ಯವಾಣಿಯೂ ಅಲ್ಲ, ಲೆಕ್ಕದ ಅನುಕೂಲ. ಎರಡು ಸಮೀಕರಣ ಬಿಡಿಸದೆ ಈ 0.367ರಿಂದಲೇ ಶುರುಮಾಡಿದ ವಿದ್ಯಾರ್ಥಿ ಕೊನೆಯವರೆಗೂ ‘ಷೇರು ಏರುವ ಸಾಧ್ಯತೆ ಶೇ. 36.7’ ಎಂದೇ ತಿಳಿದುಕೊಂಡಿರುತ್ತಾನೆ. ಎಂಜಿನಿಯರಿಂಗ್ ಮುಗಿಸಿ ಬಂದವರಲ್ಲೂ ಈ ತಪ್ಪು ಧಾರಾಳವಾಗಿ ಕಾಣಸಿಗುತ್ತದೆ.

ಎರಡನೆಯ ಮೆಟ್ಟಿಲು ಪುಟ್–ಕಾಲ್ ಸಮತೆ. ಒಂದೇ ಸ್ಟ್ರೈಕ್, ಒಂದೇ ಎಕ್ಸ್‌ಪೈರಿಯ (ಅವಧಿ ಮುಗಿಯುವ ದಿನದ) ಕಾಲ್‌ನಿಂದ ಪುಟ್ (ನಿಗದಿತ ಬೆಲೆಗೆ ಮಾರುವ ಹಕ್ಕು) ಕಳೆದರೆ, ಸೂಚ್ಯಂಕದಿಂದ ಸ್ಟ್ರೈಕ್‌ನ ಇಂದಿನ ಮೌಲ್ಯ ಕಳೆದಷ್ಟೇ ಬರಬೇಕು. ನಿಫ್ಟಿ 25,000, ಸ್ಟ್ರೈಕ್ 25,000, ಅವಧಿ 30 ದಿನ, ಬಡ್ಡಿ ಶೇ. 6.5 ಎಂದಿಟ್ಟುಕೊಳ್ಳೋಣ. ಸ್ಟ್ರೈಕ್‌ನ ಇಂದಿನ ಮೌಲ್ಯ 24,867. ಹಾಗಾಗಿ ಕಾಲ್ ಪುಟ್‌ಗಿಂತ 133 ರೂಪಾಯಿ ದುಬಾರಿ ಇರಲೇಬೇಕು. ‘ಕಾಲ್ ಪ್ರೀಮಿಯಂ ಜಾಸ್ತಿ ಇದೆ, ಹಾಗಾಗಿ ದೊಡ್ಡವರು ಏರಿಕೆ ನಿರೀಕ್ಷಿಸುತ್ತಿದ್ದಾರೆ’ ಎಂಬ ವ್ಯಾಖ್ಯಾನ ಎಷ್ಟೋ ಬಾರಿ ಈ ಬಡ್ಡಿಯನ್ನು ನೋಡಿ ಹುಟ್ಟಿದ್ದು. ಡಿವಿಡೆಂಡ್ ಬರುವ ತಿಂಗಳಲ್ಲಿ ವ್ಯತ್ಯಾಸ 133ಕ್ಕಿಂತ ಕಡಿಮೆ ಕಾಣುತ್ತದೆ. ಆ ತಲೆನೋವು ಬೇಡವೆಂದರೆ ಸೂಚ್ಯಂಕದ ಬದಲು ಅದೇ ಎಕ್ಸ್‌ಪೈರಿಯ ಫ್ಯೂಚರ್ಸ್ ಬೆಲೆಯನ್ನು ಹಿಡಿಯಬೇಕು; ಬಡ್ಡಿ, ಡಿವಿಡೆಂಡ್ ಎರಡೂ ಅದರೊಳಗೇ ಸೇರಿರುತ್ತವೆ. ಫಿಷರ್ ಬ್ಲ್ಯಾಕ್ 1976ರಲ್ಲಿ ಕೊಟ್ಟ ಸೂತ್ರ ಇದಕ್ಕೇ.

ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಅವರ ಪ್ರಬಂಧ ಬಂದದ್ದು 1973ರಲ್ಲಿ. ಅದೇ ವರ್ಷ ರಾಬರ್ಟ್ ಮರ್ಟನ್ ಅದನ್ನು ವಿಸ್ತರಿಸಿದರು. 1997ರಲ್ಲಿ ಮರ್ಟನ್, ಶೋಲ್ಸ್ ಅವರಿಗೆ ನೊಬೆಲ್ ಬಂದಾಗ ಬ್ಲ್ಯಾಕ್ ಬದುಕಿರಲಿಲ್ಲ. ಆದರೆ ಕಲಿಯುವವರಿಗೆ ಹೆಚ್ಚು ಉಪಕಾರ ಮಾಡಿದ್ದು 1979ರಲ್ಲಿ ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೈನ್ ಬರೆದ ಪ್ರಬಂಧ. ಮೇಲಿನ ಒಂದು ಹೆಜ್ಜೆಯ ಲೆಕ್ಕವನ್ನು ಅವರು ಕೊಂಬೆ ಕೊಂಬೆಯಾಗಿ ಬೆಳೆಸಿದರು. ಪ್ರತಿ ಹೆಜ್ಜೆಯ ಏರಿಕೆಯ ಗುಣಕವನ್ನು ವೊಲಟಿಲಿಟಿ (ಬೆಲೆ ವರ್ಷಕ್ಕೆ ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಮತ್ತು ಹೆಜ್ಜೆಯ ಅವಧಿಯ ವರ್ಗಮೂಲ, ಇವೆರಡರ ಗುಣಲಬ್ಧವನ್ನು eಯ (2.718) ಘಾತವಾಗಿಸಿ ಪಡೆಯುತ್ತಾರೆ. ಇಳಿಕೆಯ ಗುಣಕ ಅದರ ವಿಲೋಮ, ಅಂದರೆ 1ನ್ನು ಅದರಿಂದ ಭಾಗಿಸಿದ್ದು.

ನಿಫ್ಟಿಯ ಮೇಲಿನ ಉದಾಹರಣೆಗೇ ವೊಲಟಿಲಿಟಿ ಶೇ. 12 ಕೊಟ್ಟು, 30 ದಿನಗಳನ್ನು ಹತ್ತು ಹತ್ತು ದಿನದ ಮೂರು ಹೆಜ್ಜೆ ಮಾಡಿ ನೋಡಿ. ಏರಿಕೆಯ ಗುಣಕ 1.0201, ಇಳಿಕೆಯದ್ದು 0.9803, ಲೆಕ್ಕದ ಸಂಭವನೀಯತೆ 0.54. ಮೂರೂ ಹೆಜ್ಜೆ ಏರಿದರೆ ನಿಫ್ಟಿ 26,535, ಎರಡು ಏರಿ ಒಂದು ಇಳಿದರೆ 25,502, ಉಳಿದ ಕಡೆ ಕಾಲ್‌ಗೆ ಏನೂ ಸಿಗುವುದಿಲ್ಲ. ಉತ್ತರ 441 ರೂಪಾಯಿ. ಅದೇ 30 ದಿನವನ್ನು ನಾಲ್ಕು ಹೆಜ್ಜೆ ಮಾಡಿದರೆ 392! ಇಲ್ಲಿಗೆ ಬಂದ ವಿದ್ಯಾರ್ಥಿಗಳು ಎಲ್ಲೋ ತಪ್ಪಾಯಿತೆಂದು ಶೀಟ್ ಅಳಿಸಿ ಮತ್ತೆ ಶುರುಮಾಡುತ್ತಾರೆ. ತಪ್ಪೇನೂ ಆಗಿಲ್ಲ. ಸ್ಟ್ರೈಕ್ ಇಂದಿನ ಬೆಲೆಯಷ್ಟೇ ಇದ್ದಾಗ, ಸಮ ಸಂಖ್ಯೆಯ ಹೆಜ್ಜೆಗಳಲ್ಲಿ ಮರದ ನಡುವಿನ ತುದಿ ಸರಿಯಾಗಿ ಸ್ಟ್ರೈಕ್ ಮೇಲೆಯೇ ಬಂದು ಕೂರುತ್ತದೆ. ಬೆಸ ಸಂಖ್ಯೆಯಲ್ಲಿ ಸ್ಟ್ರೈಕ್ ಎರಡು ತುದಿಗಳ ನಡುವೆ ಬೀಳುತ್ತದೆ. ಹಾಗಾಗಿ ಉತ್ತರ ಮೇಲೆ ಕೆಳಗೆ ತೂಗುತ್ತಾ ಹೋಗಿ ನಿಧಾನವಾಗಿ ನಿಲ್ಲುತ್ತದೆ. ಬ್ಲ್ಯಾಕ್–ಶೋಲ್ಸ್ ಕೊಡುವ ಉತ್ತರ 413. ಮೂರು ಮತ್ತು ನಾಲ್ಕು ಹೆಜ್ಜೆಗಳ ಸರಾಸರಿ ತೆಗೆದರೇ 416.50 ಬರುತ್ತದೆ, ಅಷ್ಟು ಹತ್ತಿರ. ಅಕ್ಕಪಕ್ಕದ ಹೆಜ್ಜೆ ಸಂಖ್ಯೆಗಳ ಸರಾಸರಿ ತೆಗೆಯುವ ಈ ಉಪಾಯ ದೊಡ್ಡ ಮರಗಳಲ್ಲೂ ಕೆಲಸಕ್ಕೆ ಬರುತ್ತದೆ.

ಈ ಕೈಲೆಕ್ಕ ಆದ ಮೇಲೆಯೇ ಸೂತ್ರಕ್ಕೆ ಬರಬೇಕು. ಆಗಲೂ ಮೊದಲು ಬಾಯಿಪಾಠ ಆಗಬೇಕಾದ್ದು ಪೂರ್ತಿ ಸೂತ್ರವಲ್ಲ, ಅದರ ಅಂದಾಜು ರೂಪ: ಸ್ಟ್ರೈಕ್ ಈಗಿನ ಬೆಲೆಯ ಬಳಿಯೇ ಇದ್ದರೆ ಪ್ರೀಮಿಯಂ ಸುಮಾರಾಗಿ 0.4 × ಬೆಲೆ × ವೊಲಟಿಲಿಟಿ × ವರ್ಷದಲ್ಲಿ ಅಳೆದ ಅವಧಿಯ ವರ್ಗಮೂಲ. ನಮ್ಮ ಉದಾಹರಣೆಯಲ್ಲಿ 344. ಕಾಲ್ 413, ಪುಟ್ 280. ಎರಡರ ನಡುಮಧ್ಯ ಸುಮಾರು 346. ಕಂಪ್ಯೂಟರ್ ಕೊಟ್ಟ ಉತ್ತರ ಇದರಿಂದ ತೀರಾ ದೂರವಿದ್ದರೆ ಎಲ್ಲೋ ತಪ್ಪು ಸಂಖ್ಯೆ ಹೋಗಿದೆ ಎಂದರ್ಥ.

ಸಮಯ ಹೇಗೆ ಬೆಲೆಯನ್ನು ತಿನ್ನುತ್ತದೆ ಎಂಬುದೂ ಈ ವರ್ಗಮೂಲದಲ್ಲೇ ಇದೆ. ಇದೇ ಅಂದಾಜಿನಲ್ಲಿ 30 ದಿನಕ್ಕೆ 344, 15 ದಿನಕ್ಕೆ 243, 7 ದಿನಕ್ಕೆ 166, ಕೊನೆಯ ಒಂದು ದಿನಕ್ಕೆ 63. ಮೊದಲ ಹದಿನೈದು ದಿನಗಳಲ್ಲಿ 101 ರೂಪಾಯಿ ಕರಗಿದರೆ ಉಳಿದ ಹದಿನೈದರಲ್ಲಿ 243 ಕರಗುತ್ತದೆ. ‘ಎಕ್ಸ್‌ಪೈರಿ ದಿನ ಪ್ರೀಮಿಯಂ ಅಗ್ಗ’ ಎಂದು ಕೊಳ್ಳುವವರು ಈ ನಾಲ್ಕು ಸಂಖ್ಯೆಗಳನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಇನ್ನು ಸ್ಪ್ರೆಡ್‌ಶೀಟಿನಲ್ಲಿ ಆಗುವ ಎಡವಟ್ಟುಗಳು. ಅತಿ ಸಾಮಾನ್ಯವಾದದ್ದು ದಿನದ್ದು: 30 ಕ್ಯಾಲೆಂಡರ್ ದಿನಗಳನ್ನು 252ರಿಂದ ಭಾಗಿಸುವುದು. 252 ಎಂಬುದು ವರ್ಷದ ವಹಿವಾಟು ದಿನಗಳ ರೂಢಿ ಸಂಖ್ಯೆ. ಅದನ್ನು ಹಿಡಿದರೆ ಮೇಲೆ 21 ಹಾಕಬೇಕು, 30 ಹಾಕಿದರೆ ಕೆಳಗೆ 365. ಬೆರೆಸಿದರೆ 344 ಇದ್ದದ್ದು 414 ಆಗುತ್ತದೆ, ಶೇ. 20 ದುಬಾರಿ. ವೊಲಟಿಲಿಟಿ ಲೆಕ್ಕ ಹಾಕುವಾಗ ದಿನದ ಮಾನಕ ವಿಚಲನೆಯನ್ನು 252ರಿಂದಲೇ ಗುಣಿಸುವವರಿದ್ದಾರೆ. ಗುಣಿಸಬೇಕಾದ್ದು ಅದರ ವರ್ಗಮೂಲದಿಂದ, ಅಂದರೆ 15.87ರಿಂದ. ತಿರುಗಿಸಿ ನೋಡಿದರೆ ಶೇ. 12 ವಾರ್ಷಿಕ ವೊಲಟಿಲಿಟಿ ಎಂದರೆ ದಿನಕ್ಕೆ ಶೇ. 0.76, 25,000ದ ನಿಫ್ಟಿಗೆ 190 ಅಂಶ ಆಚೀಚೆ. ಲಾಗರಿದಮ್‌ನಲ್ಲೂ ಗೊಂದಲವಿದೆ: ಎಕ್ಸೆಲ್‌ನ ‘ಲಾಗ್’ 10ರ ಆಧಾರದ್ದು, ನಮಗೆ ಬೇಕಾದ್ದು ಸ್ವಾಭಾವಿಕ ಲಾಗರಿದಮ್, ಅಂದರೆ ‘ಎಲ್‌ಎನ್’. ಪ್ರಸಾಮಾನ್ಯ ವಿತರಣೆಯ (ಗಂಟೆಯಾಕಾರದ ‘ನಾರ್ಮಲ್’ ವಕ್ರರೇಖೆಯ) ಫಂಕ್ಷನ್ನಿಗೆ ಕೊನೆಯಲ್ಲಿ ‘ಟ್ರೂ’ ಕೊಡಬೇಕು. ‘ಫಾಲ್ಸ್’ ಕೊಟ್ಟರೆ 0.568 ಬರಬೇಕಾದಲ್ಲಿ 0.393 ಬರುತ್ತದೆ. ಎರಡೂ 0 ಮತ್ತು 1ರ ನಡುವಿನ ಸಂಖ್ಯೆಗಳೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಬರೆದ ಶೀಟಿಗೆ ಪುಟ್–ಕಾಲ್ ಸಮತೆಯ ಒಂದು ಸಾಲು ಸೇರಿಸಿಟ್ಟರೆ ಈ ಕೊನೆಯ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಆದರೆ ವೊಲಟಿಲಿಟಿಯ ತಪ್ಪನ್ನು ಅದು ಹಿಡಿಯುವುದಿಲ್ಲ, ಯಾಕೆಂದರೆ ಸಮತೆಯಲ್ಲಿ ವೊಲಟಿಲಿಟಿಯೇ ಇಲ್ಲ. ಅದಕ್ಕೆ 0.4ರ ಅಂದಾಜೇ ಗತಿ.

ಅಮೆರಿಕದ ಪಠ್ಯಪುಸ್ತಕ ಹಿಡಿದು ಕೂತವರಿಗೆ ಒಂದು ಸೂಚನೆ. ಅವಧಿಗೆ ಮುನ್ನವೇ ಆಪ್ಷನ್ ಚಲಾಯಿಸುವ ಬಗ್ಗೆ ಅವುಗಳಲ್ಲಿ ಅಧ್ಯಾಯಗಟ್ಟಲೆ ಇರುತ್ತದೆ. ನಮ್ಮ ಸೂಚ್ಯಂಕ ಆಪ್ಷನ್‌ಗಳು ಯುರೋಪಿಯನ್ ಶೈಲಿಯವು (ಅವಧಿಯ ಕೊನೆಯಲ್ಲಿ ಮಾತ್ರ ಚಲಾಯಿಸಬಹುದಾದವು), 2011ರಿಂದ ಷೇರು ಆಪ್ಷನ್‌ಗಳೂ ಹಾಗೆಯೇ. ಮೊದಲ ಓದಿನಲ್ಲಿ ಆ ಅಧ್ಯಾಯಗಳನ್ನು ದಾಟಿಹೋಗಬಹುದು.

ಸೂತ್ರಕ್ಕೆ ಹೋಗುವ ಬೆಲೆ, ಸ್ಟ್ರೈಕ್, ಅವಧಿ, ಬಡ್ಡಿ ಎಲ್ಲವೂ ಕಣ್ಣೆದುರಿಗಿವೆ. ವೊಲಟಿಲಿಟಿ ಮಾತ್ರ ಇಲ್ಲ. ಹಾಗಾಗಿ ಪೇಟೆಯವರು ಲೆಕ್ಕವನ್ನು ಹಿಂದುಮುಂದಾಗಿಸುತ್ತಾರೆ: ಪೇಟೆಯ ಪ್ರೀಮಿಯಂ ಕೊಟ್ಟು, ಯಾವ ವೊಲಟಿಲಿಟಿ ಹಾಕಿದರೆ ಅದು ಬರುತ್ತದೆ ಎಂದು ಹುಡುಕುತ್ತಾರೆ. ಇದು ಇಂಪ್ಲೈಡ್ ವೊಲಟಿಲಿಟಿ. ನಮ್ಮ ಉದಾಹರಣೆಯಲ್ಲಿ ಅದು ಒಂದು ಶೇಕಡಾ ಇಳಿದರೆ ಪ್ರೀಮಿಯಂ ಸುಮಾರು 29 ರೂಪಾಯಿ ಇಳಿಯುತ್ತದೆ. ಬಜೆಟ್ಟೋ ಚುನಾವಣಾ ಫಲಿತಾಂಶವೋ ಬರುವ ಮುನ್ನ ಶೇ. 16 ಇದ್ದದ್ದು ಮರುದಿನ 12ಕ್ಕೆ ಬಂದರೆ ಸುಮಾರು 115 ರೂಪಾಯಿ ಹೋಯಿತು. ಅದನ್ನು ತುಂಬಿಕೊಳ್ಳಲಿಕ್ಕೇ ನಿಫ್ಟಿ 200 ಅಂಶ ಏರಬೇಕು. ‘ಹೇಳಿದ ಹಾಗೆ ಮಾರ್ಕೆಟ್ ಏರಿತು, ಆದರೂ ಕಾಲ್‌ನಲ್ಲಿ ದುಡ್ಡು ಹೋಯಿತು’ ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಇಷ್ಟೇ, ಯಾರ ಕೈವಾಡವೂ ಅಲ್ಲ.

ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಬೇಕು. 2024ರ ಜೂನ್ 4ರಂದು, ಲೋಕಸಭಾ ಫಲಿತಾಂಶದ ದಿನ, ನಿಫ್ಟಿ ಶೇ. 5.9 ಕುಸಿಯಿತು. ವೊಲಟಿಲಿಟಿಯನ್ನು ಉದಾರವಾಗಿ ಶೇ. 20 ಎಂದೇ ಹಿಡಿದರೂ ದಿನದ ವಿಚಲನೆ 1.26, ಕುಸಿತ ಅದರ 4.7 ಪಟ್ಟು. ಪ್ರಸಾಮಾನ್ಯ ವಿತರಣೆಯನ್ನು ನಂಬಿದರೆ ಇಂಥ ದಿನ ಮೂರು ಸಾವಿರ ವರ್ಷಕ್ಕೊಮ್ಮೆ ಬರಬೇಕು. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಒಂದೇ ದಿನ ಶೇ. 22.6 ಬಿದ್ದ ಮೇಲೆ ಆಪ್ಷನ್ ಪೇಟೆಯೇ ಈ ಪಾಠ ಕಲಿಯಿತು; ಅಂದಿನಿಂದ ಕೆಳಗಿನ ಸ್ಟ್ರೈಕ್‌ನ ಪುಟ್‌ಗಳಿಗೆ ಹೆಚ್ಚು ವೊಲಟಿಲಿಟಿ ಹಾಕಿ ಬೆಲೆ ಕಟ್ಟುವುದು ರೂಢಿ. ಒಂದೇ ಎಕ್ಸ್‌ಪೈರಿಯ ಹತ್ತು ಸ್ಟ್ರೈಕ್‌ಗಳಿಗೆ ಹತ್ತು ಬೇರೆ ಬೇರೆ ಇಂಪ್ಲೈಡ್ ವೊಲಟಿಲಿಟಿ ಬಂದರೆ ಶೀಟ್ ತಪ್ಪಿದೆ ಎಂದುಕೊಳ್ಳಬಾರದು.

ಈ ಗಣಿತ ಟ್ರೇಡಿಂಗ್‌ಗೆ ಮಾತ್ರ ಎಂಬ ಭಾವನೆಯೂ ಸರಿಯಲ್ಲ. ನಮ್ಮ ಜಿಲ್ಲೆಯ ಗೇರುಬೀಜ ಕಾರ್ಖಾನೆಗಳು ಆಫ್ರಿಕಾದಿಂದ ಕಚ್ಚಾ ಬೀಜ ತರಿಸಿ ಡಾಲರಿನಲ್ಲಿ ಹಣ ಕಟ್ಟುತ್ತವೆ. ಡಾಲರ್ 85 ರೂಪಾಯಿ, ಇಲ್ಲಿ ಬಡ್ಡಿ ಶೇ. 6.5, ಅಲ್ಲಿ 4.5 ಎಂದಾದರೆ ಆರು ತಿಂಗಳ ಫಾರ್ವರ್ಡ್ ದರ (ಆಗ ಕೊಳ್ಳುವ ಡಾಲರಿಗೆ ಈಗಲೇ ಗೊತ್ತುಮಾಡುವ ಬೆಲೆ) 85.83ರ ಸುತ್ತ ಇರಬೇಕು. ಬ್ಯಾಂಕು 86.50 ಹೇಳಿದರೆ ಆ 67 ಪೈಸೆ ಯಾಕೆ ಎಂದು ಕಾರ್ಖಾನೆಯ ಅಕೌಂಟೆಂಟ್ ಕೇಳುವಂತಿರಬೇಕು. ‘ಪ್ರೀಮಿಯಂ ಇಲ್ಲದ’ ಆಪ್ಷನ್ ಜೋಡಣೆಗಳ ಬಗ್ಗೆಯಂತೂ ಎಷ್ಟು ಎಚ್ಚರವಿದ್ದರೂ ಸಾಲದು. ಪ್ರೀಮಿಯಂ ಇಲ್ಲವೆಂದರೆ ಕೊಳ್ಳುವವನು ಅಷ್ಟೇ ಬೆಲೆಯ ಇನ್ನೊಂದು ಆಪ್ಷನ್ನನ್ನು ಮಾರಿದ್ದಾನೆ ಎಂದೇ ಲೆಕ್ಕ. ಎಷ್ಟೋ ಸಲ ಒಂದು ಕೊಂಡು ಎರಡು ಮಾರಿರುತ್ತಾನೆ. ಇಂಥ ಜೋಡಣೆಗಳಿಂದ 2007–08ರ ಹೊತ್ತಿಗೆ ತಿರುಪುರದ ಜವಳಿ ರಫ್ತುದಾರರು ಪಟ್ಟ ಪಾಡು ಕೋರ್ಟು ಮೆಟ್ಟಿಲೇರಿತ್ತು. ಸಿಎ ಓದುತ್ತಿರುವವರಿಗೆ ಇನ್ನೊಂದು ಕಾರಣವಿದೆ: ನೌಕರರಿಗೆ ಕೊಡುವ ಷೇರು ಆಪ್ಷನ್‌ಗಳನ್ನು ಇಂಡ್ ಎಎಸ್ 102 ಎಂಬ ಭಾರತೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ನ್ಯಾಯಮೌಲ್ಯದಲ್ಲಿ ತೋರಿಸಬೇಕು. ಆ ಮೌಲ್ಯ ಬರುವುದು ಈ ಮಾದರಿಗಳಿಂದಲೇ.

ಅಡಿಕೆಗೂ ಈ ಸೂತ್ರ ಹಾಕಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ‘ಮೂರು ತಿಂಗಳ ನಂತರ ಕಿಲೋಗೆ ಇಂತಿಷ್ಟು ಕೊಟ್ಟು ಕೊಳ್ಳುತ್ತೇನೆ, ಬೇಕಿದ್ದರೆ ಕೊಡಿ’ ಎಂದು ವ್ಯಾಪಾರಿ ಭರವಸೆ ಕೊಟ್ಟರೆ ಅದು ಬೆಳೆಗಾರನ ಕೈಯಲ್ಲಿರುವ ಪುಟ್ ಆಪ್ಷನ್ನೇ. ಆದರೆ ಅದನ್ನು ಮಾರಿದವನು ಷೇರು–ಸಾಲದ ಲೆಕ್ಕದಂತೆ ತನ್ನನ್ನು ಕಾಪಾಡಿಕೊಳ್ಳಬೇಕಾದರೆ, ಧಾರಣೆ ಇಳಿದಂತೆಲ್ಲ ಕೈಯಲ್ಲಿಲ್ಲದ ಅಡಿಕೆಯನ್ನು ಕಡ ತಂದು ಮಾರುತ್ತಾ ಹೋಗಬೇಕು. ಅಡಿಕೆ ಕಡ ಕೊಡುವವರಿಲ್ಲ. ಹೊಸ ಅಡಿಕೆ, ಹಳೆ ಅಡಿಕೆಗೆ ಧಾರಣೆ ಬೇರೆ. ಗೋದಾಮಿನ ಬಾಡಿಗೆ, ತೇವ, ಬೂಸ್ಟು ಬೇರೆ. ಆದ್ದರಿಂದ ಇಲ್ಲಿ ಒಂದೇ ಬೆಲೆ ಬರುವುದಿಲ್ಲ. ‘ಇದಕ್ಕಿಂತ ಕಡಿಮೆಯಲ್ಲ, ಅದಕ್ಕಿಂತ ಹೆಚ್ಚಲ್ಲ’ ಎಂಬ ಎರಡು ಅಂಚುಗಳಷ್ಟೇ ಬರುತ್ತವೆ. ಪತ್ರಿಕೆಯ ಧಾರಣೆಯಿಂದ ವೊಲಟಿಲಿಟಿ ಕಟ್ಟಲು ಹೊರಟರೂ ತೊಡಕಿದೆ: ಕೆಲವು ದಿನ ದರ ಅಲುಗದೆ ನಿಂತು ಆಮೇಲೆ ಒಮ್ಮೆಲೇ ಜಿಗಿದರೆ, ಆ ಅಂಕಿಗಳಿಂದ ಬಂದ ವಿಚಲನೆಗೆ ಅರ್ಥ ಕಡಿಮೆ.

ನಮ್ಮ ಕಾಲೇಜುಗಳಲ್ಲಿ ಬಿಕಾಂ, ಬಿಎಸ್ಸಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಟ್ಟಿಗೇ 30 ಗಂಟೆಯ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡುವುದು ಕಷ್ಟವಲ್ಲ. ಗಣಿತ ವಿಭಾಗ, ವಾಣಿಜ್ಯ ವಿಭಾಗ ಒಂದೇ ಟೇಬಲ್ಲಿಗೆ ಬರಬೇಕಷ್ಟೆ. ನಿಜವಾದ ಕಷ್ಟ ಅದೇ ಇರಬಹುದು. ಮೊದಲ ಹತ್ತು ಗಂಟೆ ಎರಡು ಸಮೀಕರಣ ಮತ್ತು ಸಮತೆಗೆ, ಮುಂದಿನ ಹತ್ತು ಮರ ಮತ್ತು ಪ್ರಸಾಮಾನ್ಯ ವಿತರಣೆಗೆ, ಕೊನೆಯ ಹತ್ತು ನಿಜವಾದ ಅಂಕಿಗಳ ಮೇಲೆ. ಇಟೋ ಕಲನ (ಯಾದೃಚ್ಛಿಕ ಏರಿಳಿತಗಳ ಕಲನಶಾಸ್ತ್ರ) ಬೇಕೆಂದವರು ಸ್ನಾತಕೋತ್ತರದಲ್ಲಿ ಕಲಿಯಲಿ. ಅಂಕಿಗಳಿಗೆ ದುಡ್ಡು ಕೊಡಬೇಕಾಗಿಲ್ಲ, ಎನ್‌ಎಸ್‌ಇ ಪ್ರತಿದಿನದ ಭಾವ್‌ಕಾಪಿಯನ್ನು (ದಿನದ ಬೆಲೆಪಟ್ಟಿಯ ಕಡತ) ಉಚಿತವಾಗಿ ಕೊಡುತ್ತದೆ. ಅದನ್ನು ಬಳಸುವಾಗ ದೂರದ ಸ್ಟ್ರೈಕ್‌ಗಳ ಕ್ಲೋಸಿಂಗ್ ಬೆಲೆಯನ್ನು ನಂಬುವ ಮುನ್ನ ಪಕ್ಕದ ವಹಿವಾಟು ಪ್ರಮಾಣದ ಕಾಲಂ ನೋಡಬೇಕು. ಅಲ್ಲಿ ಸೊನ್ನೆಯೋ ಬೆರಳೆಣಿಕೆಯೋ ಇದ್ದರೆ ಆ ಬೆಲೆ ಹಳೆಯದು. ಅದರಿಂದ ತೆಗೆದ ಇಂಪ್ಲೈಡ್ ವೊಲಟಿಲಿಟಿಯನ್ನು ಗ್ರಾಫಿಗೆ ಹಾಕಬಾರದು.

ಇತಿ,
ಗಣಿತ ಮತ್ತು ಸಂಖ್ಯಾಶಾಸ್ತ್ರ ಕಲಿಸುವ ಕೆಲವರು,
ಮಂಗಳೂರು